ಮೇಲ್ ಬರ್ತದೆ, ಆದ್ರೆ ಹೋಗುದಿಲ್ಲ: ಔಟ್‌ಬಾಕ್ಸ್‌ನಲ್ಲಿ ಸಿಕ್ಕಿಬಿದ್ದ ಮೇಲ್ ಕಳುಹಿಸುವುದು ಹೇಗೆ?

ಬೆಳ್ಮಣ್: ಸಹಕಾರಿ ಸಂಘದ ಕಚೇರಿ ಇರಲಿ, ಗೇರುಬೀಜ ಕಾರ್ಖಾನೆಯ ಲೆಕ್ಕದ ಕೋಣೆ ಇರಲಿ, ದೇವಸ್ಥಾನದ ಜೀರ್ಣೋದ್ಧಾರ ಸಮಿತಿ ಇರಲಿ, ಶಾಲೆಯ ಆಫೀಸು ಇರಲಿ, ಮೇಜಿನ ಮೇಲೊಂದು ಕಂಪ್ಯೂಟರ್, ಅದರಲ್ಲಿ ಔಟ್‌ಲುಕ್ ಅಥವಾ ಥಂಡರ್‌ಬರ್ಡ್ ಸಾಮಾನ್ಯ. ಬೆಳಗ್ಗೆ ತೆರೆದರೆ ಮುಂಬೈ, ಬೆಂಗಳೂರು, ದುಬೈಯಿಂದ ಬಂದ ಮೇಲ್‌ಗಳು ಸರಿಯಾಗಿ ಇನ್‌ಬಾಕ್ಸ್‌ಗೆ ಬಿದ್ದಿರುತ್ತವೆ. ಉತ್ತರ ಬರೆದು ಸೆಂಡ್ ಒತ್ತಿದರೆ ಮಾತ್ರ ಅದು ಹೋಗುದಿಲ್ಲ. ಔಟ್‌ಬಾಕ್ಸ್‌ನಲ್ಲೇ ಕೂತಿರುತ್ತದೆ. ಮೂರು ದಿನ ಬಿಟ್ಟು ಆ ಕಡೆಯಿಂದ ಫೋನ್ ಬಂದಾಗ ಒಂದೇ ಜಗಳ: "ನಾವು ಕಳಿಸಿದ್ದೇವೆ ಮಾರಾಯ್ರೆ", "ಇಲ್ಲಿ ಬರ್ಲೇ ಇಲ್ಲ".

ಇಬ್ಬರೂ ಸುಳ್ಳು ಹೇಳುವುದಿಲ್ಲ. ಒಬ್ಬರು ಸೆಂಡ್ ಒತ್ತಿದ್ದು ನಿಜ, ಇನ್ನೊಬ್ಬರಿಗೆ ಸಿಗದಿದ್ದದ್ದೂ ನಿಜ. ನಡುವೆ ಮೇಲ್ ಎಲ್ಲಿ ನಿಂತಿತು ಎಂದು ಹುಡುಕಲು ದೊಡ್ಡ ಇಂಜಿನಿಯರ್ ಬೇಕಾಗಿಲ್ಲ. ಕ್ರಮವಾಗಿ ನೋಡುತ್ತಾ ಹೋದರೆ ಹೆಚ್ಚಿನ ತೊಂದರೆಗಳು ಅರ್ಧ ಗಂಟೆಯೊಳಗೆ ಸರಿಯಾಗುತ್ತವೆ.

ಸೆಂಡ್ ಒತ್ತಿದ್ದು ಕಳುಹಿಸಿದ್ದಲ್ಲ

ಇದು ಬರೀ ತಾಂತ್ರಿಕ ಕಿರಿಕಿರಿ ಅಲ್ಲ. ಟೆಂಡರ್, ವಿಮೆ ಕ್ಲೇಮು, ಬ್ಯಾಂಕಿನ ದಾಖಲೆ, ಹಡಗಿನ ಕಂಪೆನಿಗೆ ಕಳುಹಿಸುವ ಸರ್ಟಿಫಿಕೇಟು, ಗಲ್ಫಿನ ಆಫರ್ ಲೆಟರಿಗೆ ಒಪ್ಪಿಗೆ ಎಲ್ಲದಕ್ಕೂ ಕೊನೆ ದಿನ ಅಂತ ಇರುತ್ತದೆ. ಕಾನೂನು ಈ ವಿಷಯದಲ್ಲಿ ಸ್ಪಷ್ಟ ಉಂಟು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ಎರಡೂ ಕಡೆಯವರು ಬೇರೆ ರೀತಿ ಒಪ್ಪಿಕೊಂಡಿರದಿದ್ದರೆ, ವಿದ್ಯುನ್ಮಾನ ದಾಖಲೆಯೊಂದು ಕಳುಹಿಸಿದವರ ನಿಯಂತ್ರಣದಲ್ಲಿಲ್ಲದ ಕಂಪ್ಯೂಟರ್ ವ್ಯವಸ್ಥೆಯನ್ನು ಹೊಕ್ಕಾಗ ಮಾತ್ರ ಅದನ್ನು ರವಾನಿಸಿದಂತೆ. ಪಡೆಯುವವರು ಇಂಥ ವಿಳಾಸಕ್ಕೆ ಕಳುಹಿಸಿ ಎಂದು ಗೊತ್ತುಮಾಡಿದ್ದರೆ, ಆ ವ್ಯವಸ್ಥೆಯನ್ನು ಅದು ಹೊಕ್ಕ ಹೊತ್ತೇ ತಲುಪಿದ ಹೊತ್ತು.

ಅಂದರೆ ಔಟ್‌ಬಾಕ್ಸ್‌ನಲ್ಲಿರುವ ಮೇಲ್ ಬರೆದು ಮೇಜಿನ ಡ್ರಾಯರ್‌ನಲ್ಲಿಟ್ಟ ಕಾಗದಕ್ಕೆ ಸಮ. ಅದು ಇನ್ನೂ ಕಳುಹಿಸಿದವರ ಕಂಪ್ಯೂಟರಿನಲ್ಲೇ ಉಂಟು. "ನಾನು 5 ಗಂಟೆಗೇ ಒತ್ತಿದ್ದೇನೆ" ಎಂದರೆ ಪ್ರಯೋಜನ ಇಲ್ಲ.

ಇವತ್ತೇ ಕೊನೆ ದಿನ ಆದರೆ

ಇವತ್ತು ಸಂಜೆಯೊಳಗೆ ಹೋಗಲೇಬೇಕಾದ ಮೇಲ್ ಇದ್ದರೆ ಮೊದಲು ಪ್ರೋಗ್ರಾಂ ರಿಪೇರಿಗೆ ಕೈ ಹಾಕಬಾರದು. ಕ್ರೋಮ್ ಅಥವಾ ಬೇರೆ ಬ್ರೌಸರ್ ತೆರೆದು ಅದೇ ಖಾತೆಗೆ ಲಾಗಿನ್ ಆಗಿ ಅಲ್ಲಿಂದಲೇ ಕಳುಹಿಸಬೇಕು. ಫೋನಿನ ಮೇಲ್ ಆ್ಯಪ್‌ನಿಂದಲೂ ಆಗುತ್ತದೆ. ಸೆಂಟ್ ಫೋಲ್ಡರಿನಲ್ಲಿ ಅದು ಕಂಡ ಮೇಲೆ ದಿನಾಂಕ, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬೇಕು. ಆಮೇಲೆ ಹತ್ತು ನಿಮಿಷ ಕಾದು, ವಾಪಸು ಬಂದ ಮೇಲ್ ಏನಾದರೂ ಉಂಟಾ ನೋಡಬೇಕು. ತಲುಪಿತಾ ಎಂದು ಆ ಕಡೆಗೆ ಒಂದು ಫೋನ್ ಮಾಡಿದರೆ ಇನ್ನೂ ಒಳ್ಳೆಯದು.

ಔಟ್‌ಬಾಕ್ಸ್‌ನಲ್ಲಿ ಸಿಕ್ಕಿಬಿದ್ದ ಹಳೆ ಪ್ರತಿಯನ್ನು ಡ್ರಾಫ್ಟ್ಸ್‌ಗೆ ಎಳೆದಿಡಲು ಮರೆಯಬಾರದು. ಇಲ್ಲದಿದ್ದರೆ ನಾಳೆ ತೊಂದರೆ ಸರಿಯಾದ ಕೂಡಲೇ ಅದೂ ಹೋಗುತ್ತದೆ.

ಈ ಕೆಲಸದಿಂದ ಇನ್ನೊಂದು ಲಾಭ ಉಂಟು. ಬ್ರೌಸರ್‌ನಿಂದ ಹೋಯಿತು ಎಂದಾದರೆ ಖಾತೆ ಸರಿ ಇದೆ, ತೊಂದರೆ ಕಂಪ್ಯೂಟರಿನ ಪ್ರೋಗ್ರಾಂನಲ್ಲಿ ಅಥವಾ ನೆಟ್‌ನಲ್ಲಿ ಎಂದು ಗೊತ್ತಾಗುತ್ತದೆ. ಬ್ರೌಸರ್‌ನಿಂದಲೂ ಹೋಗದಿದ್ದರೆ ತೊಂದರೆ ಖಾತೆಯಲ್ಲೇ. ಆಗ ಔಟ್‌ಲುಕ್‌ನ ಸೆಟ್ಟಿಂಗ್ ಎಷ್ಟು ತಿರುಗಿಸಿದರೂ ಆಗ್ಲಿಕ್ಕಿಲ್ಲ.

ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ

"ಬರ್ತದೆ ಅಂದ್ರೆ ನೆಟ್ ಸರಿ ಉಂಟು, ಪಾಸ್‌ವರ್ಡ್ ಸರಿ ಉಂಟು, ಮತ್ತೆ ಹೋಗ್ಲಿಕ್ಕೆ ಎಂತ ದಾಡಿ?" ಎನ್ನುವುದು ಎಲ್ಲರ ಪ್ರಶ್ನೆ. ಅಂಚೆಯನ್ನು ನೆನೆಸಿಕೊಂಡರೆ ಅರ್ಥವಾಗುತ್ತದೆ. ಬರುವ ಕಾಗದವನ್ನು ಪೋಸ್ಟ್‌ಮ್ಯಾನ್ ಮನೆಗೆ ತರುತ್ತಾರೆ. ಹೋಗುವ ಕಾಗದವನ್ನು ನಾವೇ ಅಂಚೆ ಕಚೇರಿಯ ಕೌಂಟರಿಗೆ ಕೊಡಬೇಕು. ಕೌಂಟರ್ ಮುಚ್ಚಿದ್ದರೂ ಪೋಸ್ಟ್‌ಮ್ಯಾನ್ ಮನೆಗೆ ಬರಬಹುದು.

ಮೇಲ್‌ನಲ್ಲಿ ಬರುವುದಕ್ಕೆ ಐಮ್ಯಾಪ್ ಅಥವಾ ಪಾಪ್ ಎನ್ನುವ ವ್ಯವಸ್ಥೆ, ಹೋಗುವುದಕ್ಕೆ ಎಸ್‌ಎಂಟಿಪಿ ಎನ್ನುವ ಬೇರೆಯೇ ವ್ಯವಸ್ಥೆ. ಎರಡಕ್ಕೂ ಬೇರೆ ಸರ್ವರ್ ವಿಳಾಸ, ಬೇರೆ ಬಾಗಿಲು. ಈ ಬಾಗಿಲಿಗೆ ಪೋರ್ಟ್ ಎನ್ನುತ್ತಾರೆ. ಪಾಸ್‌ವರ್ಡನ್ನೂ ಪ್ರೋಗ್ರಾಂ ಎರಡು ಕಡೆ ಬೇರೆ ಬೇರೆಯಾಗಿ ಇಟ್ಟಿರಬಹುದು. ಪಾಸ್‌ವರ್ಡ್ ಬದಲಿಸಿದಾಗ ಬರುವ ಕಡೆ ಹೊಸದನ್ನು ಕೊಟ್ಟು, ಹೋಗುವ ಕಡೆ ಹಳೆಯದೇ ಉಳಿದರೆ ಮೇಲ್ ಬರುತ್ತದೆ, ಹೋಗುದಿಲ್ಲ.

ಎಸ್‌ಎಂಟಿಪಿ 1982ರಲ್ಲಿ ರೂಪುಗೊಂಡಾಗ ಕಳುಹಿಸುವವರು ಯಾರು ಎಂದು ಕೇಳುವ ಕ್ರಮವೇ ಇರಲಿಲ್ಲ. ಯಾರು ಬೇಕಾದರೂ ಯಾರ ಹೆಸರಿನಲ್ಲೂ ಮೇಲ್ ಕೊಡಬಹುದಿತ್ತು. ಸ್ಪ್ಯಾಮ್ ಕಾಟ ಹೆಚ್ಚಾದ ಮೇಲೆ ಒಂದೊಂದೇ ಬೀಗ ಬಿತ್ತು: ಮೊದಲು ಪಾಸ್‌ವರ್ಡ್, ಮತ್ತೆ ಗೂಢಲಿಪಿ, ಈಗ ಎರಡು ಹಂತದ ಪರಿಶೀಲನೆ. ಹತ್ತು ವರ್ಷದ ಹಿಂದೆ ಯಾರೋ ಸೆಟ್ ಮಾಡಿಕೊಟ್ಟು ಹೋದ ಔಟ್‌ಲುಕ್‌ಗೆ ಈ ಹೊಸ ಬೀಗಗಳ ಕೀ ಇಲ್ಲ. ಅದಕ್ಕೇ "ನಿನ್ನೆವರೆಗೆ ಸರಿ ಇತ್ತು, ನಾವು ಏನೂ ಮುಟ್ಟಲಿಲ್ಲ" ಎನ್ನುವವರ ಮಾತು ನಿಜವೇ. ಮುಟ್ಟಿದ್ದು ಆ ಕಡೆಯವರು.

ಸೆಟ್ಟಿಂಗ್ ಮುಟ್ಟುವ ಮೊದಲು ನೋಡಬೇಕಾದ್ದು

1. ವರ್ಕ್ ಆಫ್‌ಲೈನ್: ಔಟ್‌ಲುಕ್‌ನ ಸೆಂಡ್/ರಿಸೀವ್ ಟ್ಯಾಬ್‌ನಲ್ಲಿ ಈ ಬಟನ್ ಉಂಟು. ಗೊತ್ತಿಲ್ಲದೆ ಒತ್ತಿಹೋಗಿದ್ದರೆ ಎಲ್ಲವೂ ನಿಲ್ಲುತ್ತದೆ. ಥಂಡರ್‌ಬರ್ಡ್‌ನಲ್ಲಿ ಕೆಳಗೆ ಎಡಮೂಲೆಯ ಸಣ್ಣ ಗುರುತು ಇದೇ ಕೆಲಸ ಮಾಡುತ್ತದೆ.

2. ಓರೆ ಅಕ್ಷರ: ಔಟ್‌ಲುಕ್‌ನ ಔಟ್‌ಬಾಕ್ಸ್‌ನಲ್ಲಿ ಹೋಗಲು ಸರದಿಯಲ್ಲಿರುವ ಮೇಲ್ ಓರೆ ಅಕ್ಷರದಲ್ಲಿ ಕಾಣುತ್ತದೆ. ಅದನ್ನು ಅಲ್ಲೇ ತೆರೆದು ನೋಡಿ ಮುಚ್ಚಿದರೆ ಅಕ್ಷರ ನೆಟ್ಟಗಾಗುತ್ತದೆ, ಮೇಲ್ ಸರದಿಯಿಂದ ಹೊರಗೆ ಬೀಳುತ್ತದೆ. ಮತ್ತೆ ತೆರೆದು ಸೆಂಡ್ ಒತ್ತದ ಹೊರತು ಅದು ವರ್ಷ ಕಳೆದರೂ ಹೋಗುದಿಲ್ಲ. "ಹೋಯ್ತಾ ನೋಡುವಾ" ಎಂದು ಇಣುಕಿದ್ದೇ ತೊಂದರೆ ಆಗುವ ಸಂದರ್ಭ ಇದು.

3. ಕಂಪ್ಯೂಟರಿನ ದಿನಾಂಕ: ಕರೆಂಟು ಹೋಗಿ ಬಂದ ಮೇಲೆ ಕಂಪ್ಯೂಟರ್ ಹಳೇ ಯಾವುದೋ ವರ್ಷ ತೋರಿಸಿದರೆ ಮದರ್‌ಬೋರ್ಡಿನಲ್ಲಿರುವ ನಾಣ್ಯದ ಗಾತ್ರದ ಬ್ಯಾಟರಿ ಮುಗಿದಿದೆ ಎಂದು ಲೆಕ್ಕ. ದಿನಾಂಕ ತಪ್ಪಿದ್ದರೆ ಸರ್ವರ್‌ನ ಭದ್ರತಾ ಸರ್ಟಿಫಿಕೇಟನ್ನು ಕಂಪ್ಯೂಟರ್ ನಂಬುವುದಿಲ್ಲ, ಮೇಲ್ ನಿಲ್ಲುತ್ತದೆ. ಹೆಚ್ಚಿನ ಡೆಸ್ಕ್‌ಟಾಪ್‌ಗಳಿಗೆ ಬೇಕಾದ್ದು ಸಿಆರ್2032 ನಂಬರಿನ ಬ್ಯಾಟರಿ.

4. ಖಾತೆಯ ಜಾಗ: ಗೂಗಲ್‌ನ ಉಚಿತ 15 ಜಿಬಿಯಲ್ಲಿ ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಸೇರಿವೆ. ಕಾರ್ಯಕ್ರಮದ ವಿಡಿಯೋಗಳು ಫೋನಿನಿಂದ ತಾನಾಗಿಯೇ ಫೋಟೋಸ್‌ಗೆ ಹೋಗಿ ಜಾಗ ತುಂಬಿದರೆ ಆಫೀಸಿನ ಮೇಲ್ ನಿಲ್ಲುತ್ತದೆ.

5. ಸರದಿಯ ಮುಂದೆ ಇರುವ ಮೇಲ್: ಒಂದು ಭಾರದ ಮೇಲ್ ಮುಂದೆ ನಿಂತರೆ ಹಿಂದಿನ ಎರಡು ಸಾಲಿನ ಮೇಲ್ ಕೂಡ ಬಾಕಿಯಾಗುತ್ತದೆ. ವರ್ಕ್ ಆಫ್‌ಲೈನ್ ಒತ್ತಿ, ಪ್ರೋಗ್ರಾಂ ಮುಚ್ಚಿ ತೆರೆದು, ಆ ದೊಡ್ಡದನ್ನು ಡ್ರಾಫ್ಟ್ಸ್‌ಗೆ ಎಳೆದು, ಮತ್ತೆ ಆನ್‌ಲೈನ್ ಮಾಡಬೇಕು.

6. ಬೇಗ ಬಂದ್ ಮಾಡುವುದು: ಸೆಂಡ್ ಒತ್ತಿ ಕೂಡಲೇ ಕಂಪ್ಯೂಟರ್ ಆಫ್ ಮಾಡಿ ಬಸ್ಸಿಗೆ ಓಡುವವರ ಮೇಲ್ ಮರುದಿನ ಬೆಳಗ್ಗೆಯೇ ಹೋಗುವುದು. ಮಳೆಗಾಲದಲ್ಲಿ ಕರೆಂಟು ಹೋಗುವಾಗಲೂ ಇದೇ ಕಥೆ. ಕಂಪ್ಯೂಟರಿಗೆ ಯುಪಿಎಸ್ ಇದ್ದು ರೌಟರಿಗೆ ಇಲ್ಲದಿದ್ದರೆ ಪರದೆ ಉರಿಯುತ್ತಿರುತ್ತದೆ, ಮೇಲ್ ಹೋಗುದಿಲ್ಲ.

ಪಾಸ್‌ವರ್ಡ್ ಸರಿ ಇದ್ದರೂ ತಪ್ಪು ಅಂತ ಬಂದರೆ

ಜಿಮೇಲ್ ಬಳಸುವವರಿಗೆ ಹೆಚ್ಚು ಬರುವ ತೊಂದರೆ ಇದು. ಬರೀ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಒಳಬರುವ ಹಳೆ ಪ್ರೋಗ್ರಾಂಗಳಿಗೆ ವೈಯಕ್ತಿಕ ಖಾತೆಗಳಲ್ಲಿ ಗೂಗಲ್ 2022ರ ಮೇ 30ರಿಂದ ಬಾಗಿಲು ಹಾಕಿದೆ. ಆಮೇಲೆ ಬ್ರೌಸರ್‌ನಲ್ಲಿ ಹಾಕುವ ಪಾಸ್‌ವರ್ಡನ್ನೇ ಹಳೆ ಔಟ್‌ಲುಕ್‌ಗೆ ಹಾಕಿದರೆ 535 ಎನ್ನುವ ನಂಬರಿನೊಂದಿಗೆ ತಪ್ಪು ಎಂದು ಬರುತ್ತದೆ.

ದಾರಿ ಎರಡು ಉಂಟು. ಥಂಡರ್‌ಬರ್ಡ್ ಅಥವಾ ಔಟ್‌ಲುಕ್‌ನ ಹೊಸ ಆವೃತ್ತಿ ಇದ್ದರೆ ಖಾತೆ ಸೇರಿಸುವಾಗ ಗೂಗಲ್‌ನದೇ ಲಾಗಿನ್ ಪುಟ ತೆರೆಯುತ್ತದೆ. ಅಲ್ಲಿ ಒಪ್ಪಿಗೆ ಕೊಟ್ಟರೆ ಮುಗಿಯಿತು. ಇದಕ್ಕೆ ಓಆತ್ ಎಂದು ಹೆಸರು. ಸೆಟ್ಟಿಂಗ್‌ನಲ್ಲಿ ಪರಿಶೀಲನೆಯ ವಿಧಾನ ಎಂಬಲ್ಲಿ ಓಆತ್2 ಎಂದು ಆರಿಸಬೇಕು.

ಹಳೆ ಪ್ರೋಗ್ರಾಂ ಆದರೆ ಆ್ಯಪ್ ಪಾಸ್‌ವರ್ಡ್ ಬೇಕು. ಗೂಗಲ್ ಖಾತೆಯ ಸೆಕ್ಯೂರಿಟಿ ವಿಭಾಗಕ್ಕೆ ಹೋಗಿ ಮೊದಲು ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಬೇಕು. ಆಮೇಲೆ ಆ್ಯಪ್ ಪಾಸ್‌ವರ್ಡ್ಸ್ ಎಂದು ಹುಡುಕಿ ಹೊಸದೊಂದನ್ನು ಪಡೆಯಬೇಕು. 16 ಅಕ್ಷರಗಳ ಪಾಸ್‌ವರ್ಡ್ ಒಂದೇ ಸಲ ತೋರಿಸುತ್ತದೆ. ಅದನ್ನು ನಡುವೆ ಜಾಗ ಬಿಡದೆ ಔಟ್‌ಲುಕ್‌ನಲ್ಲಿ ಹಳೆ ಪಾಸ್‌ವರ್ಡ್ ಇದ್ದಲ್ಲೆಲ್ಲ ಹಾಕಬೇಕು. ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಿಸಿದರೆ ಆ್ಯಪ್ ಪಾಸ್‌ವರ್ಡ್‌ಗಳು ರದ್ದಾಗುತ್ತವೆ, ಆಗ ಹೊಸದು ಮಾಡಬೇಕು.

ಯಾಹೂದಲ್ಲೂ ಆ್ಯಪ್ ಪಾಸ್‌ವರ್ಡ್ ಕ್ರಮವೇ. ಹಾಟ್‌ಮೇಲ್, ಲೈವ್, ಔಟ್‌ಲುಕ್ ಡಾಟ್ ಕಾಮ್ ವಿಳಾಸಗಳಿಗೆ ಮೈಕ್ರೋಸಾಫ್ಟ್ 2024ರ ಸೆಪ್ಟೆಂಬರ್ 16ರಿಂದ ಬರೀ ಪಾಸ್‌ವರ್ಡ್ ಕ್ರಮ ನಿಲ್ಲಿಸಿದೆ. ಅಲ್ಲಿ ಓಆತ್ ಇಲ್ಲದ ಹಳೆ ಪ್ರೋಗ್ರಾಂ ನಡೆಯುವುದಿಲ್ಲ. ಥಂಡರ್‌ಬರ್ಡ್ ಹಾಕಿಕೊಳ್ಳುವುದು ಅಥವಾ ಬ್ರೌಸರ್ ಬಳಸುವುದು ದಾರಿ. ಥಂಡರ್‌ಬರ್ಡ್‌ಗೆ ಹಣ ಕೊಡ್ಲಿಕ್ಕಿಲ್ಲ.

ಸರ್ವರ್ ಮತ್ತು ಪೋರ್ಟ್: ಬರೆದಿಟ್ಟುಕೊಳ್ಳಿ

ಹೊರಹೋಗುವ ಸರ್ವರ್‌ಗಳ ವಿಳಾಸ ಹೀಗಿದೆ. ಕಂಪ್ಯೂಟರಿನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ, ಜಾಗ ಬಿಡದೆ, ಡಾಟ್ ಎಂದಿರುವಲ್ಲಿ ಚುಕ್ಕಿ ಇಟ್ಟು ಹಾಕಬೇಕು.

- ಜಿಮೇಲ್: ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ 465 ಅಥವಾ 587
- ಯಾಹೂ: ಎಸ್‌ಎಂಟಿಪಿ ಡಾಟ್ ಮೇಲ್ ಡಾಟ್ ಯಾಹೂ ಡಾಟ್ ಕಾಮ್, ಪೋರ್ಟ್ 465 ಅಥವಾ 587
- ಹಾಟ್‌ಮೇಲ್, ಔಟ್‌ಲುಕ್ ಡಾಟ್ ಕಾಮ್: ಎಸ್‌ಎಂಟಿಪಿ ಹೈಫನ್ ಮೇಲ್ ಡಾಟ್ ಔಟ್‌ಲುಕ್ ಡಾಟ್ ಕಾಮ್, ಪೋರ್ಟ್ 587
- ಝೋಹೋದ ಭಾರತದ ಖಾತೆ: ಎಸ್‌ಎಂಟಿಪಿ ಡಾಟ್ ಝೋಹೋ ಡಾಟ್ ಇನ್, ಪೋರ್ಟ್ 465 ಅಥವಾ 587
- ಸಂಸ್ಥೆಯ ಸ್ವಂತ ಡೊಮೈನ್: ವೆಬ್‌ಸೈಟ್ ನೋಡಿಕೊಳ್ಳುವವರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು

ಪೋರ್ಟ್ ಜೊತೆ ಭದ್ರತೆಯ ಆಯ್ಕೆಯೂ ಹೊಂದಬೇಕು. 465ಕ್ಕೆ ಎಸ್‌ಎಸ್‌ಎಲ್/ಟಿಎಲ್‌ಎಸ್, 587ಕ್ಕೆ ಸ್ಟಾರ್ಟ್‌ಟಿಎಲ್‌ಎಸ್. ಇದು ಅದಲುಬದಲಾದರೆ ಪ್ರೋಗ್ರಾಂ ಸುಮ್ಮನೆ ತಿರುಗುತ್ತಾ ಕೂರುತ್ತದೆ, ಕೊನೆಗೆ ಟೈಮ್ ಔಟ್ ಎನ್ನುತ್ತದೆ.

ಹಳೆ ಸೆಟ್ಟಿಂಗ್‌ಗಳಲ್ಲಿ ಪೋರ್ಟ್ 25 ಎಂದು ಇರುತ್ತದೆ. ಅದು ಈಗ ಸರ್ವರ್‌ನಿಂದ ಸರ್ವರ್‌ಗೆ ಮೇಲ್ ದಾಟಿಸುವ ಬಾಗಿಲು. ವೈರಸ್ ಹಿಡಿದ ಕಂಪ್ಯೂಟರ್‌ಗಳು ಇದರ ಮೂಲಕ ಸ್ಪ್ಯಾಮ್ ಬಿಡುತ್ತಿದ್ದ ಕಾರಣ ಜಗತ್ತಿನಾದ್ಯಂತ ಅನೇಕ ಇಂಟರ್‌ನೆಟ್ ಕಂಪೆನಿಗಳು ಗ್ರಾಹಕರಿಗೆ 25ನ್ನು ಮುಚ್ಚಿವೆ. ಹಾಗಾಗಿ ನೆಟ್ ಕನೆಕ್ಷನ್ ಬದಲಿಸಿದ ಮರುದಿನವೇ ಮೇಲ್ ನಿಂತಿತು ಎಂದಾದರೆ ಮೊದಲ ಅನುಮಾನ 25ರ ಮೇಲೆ.

ಇದಕ್ಕೂ ಹಳೆಯ ಇನ್ನೊಂದು ರೋಗ ಉಂಟು. ಡಯಲ್‌ಅಪ್ ಮತ್ತು ಮೊದಲ ಬ್ರಾಡ್‌ಬ್ಯಾಂಡ್ ಕಾಲದಲ್ಲಿ ನೆಟ್ ಕೊಡುವ ಕಂಪೆನಿಯ ಸರ್ವರನ್ನೇ ಹೊರಹೋಗುವ ಸರ್ವರ್ ಎಂದು ಹಾಕುವ ಕ್ರಮ ಇತ್ತು. ಅಂಥ ಸರ್ವರ್ ತನ್ನ ಕನೆಕ್ಷನ್ ಇದ್ದವರ ಮೇಲ್ ಮಾತ್ರ ತೆಗೆದುಕೊಳ್ಳುತ್ತದೆ. ಕನೆಕ್ಷನ್ ಬದಲಾದ ಮೇಲೂ ಔಟ್‌ಲುಕ್‌ನಲ್ಲಿ ಹಳೆ ಹೆಸರು ಉಳಿದಿದ್ದರೆ "ರಿಲೇ ಡಿನೈಡ್" ಎಂದು ಬರುತ್ತದೆ. ಮೇಲ್ ವಿಳಾಸ ಯಾರದ್ದೋ ಅವರದ್ದೇ ಸರ್ವರ್ ಹಾಕಿದರೆ ಸರಿಯಾಗುತ್ತದೆ.

ಔಟ್‌ಲುಕ್‌ನಲ್ಲಿ ಎಲ್ಲಿ ಒತ್ತಬೇಕು?

ಕಂಪ್ಯೂಟರಿನ ಕಂಟ್ರೋಲ್ ಪ್ಯಾನೆಲ್ ತೆರೆದು ಮೇಲ್ ಎನ್ನುವುದನ್ನು ಒತ್ತಿದರೆ ಇಮೇಲ್ ಅಕೌಂಟ್ಸ್ ಸಿಗುತ್ತದೆ. ಖಾತೆ ಆರಿಸಿ ಚೇಂಜ್, ಅಲ್ಲಿಂದ ಮೋರ್ ಸೆಟ್ಟಿಂಗ್ಸ್. ಔಟ್‌ಗೋಯಿಂಗ್ ಸರ್ವರ್ ಎನ್ನುವ ಟ್ಯಾಬ್‌ನಲ್ಲಿ "ನನ್ನ ಹೊರಹೋಗುವ ಸರ್ವರ್‌ಗೆ ಪರಿಶೀಲನೆ ಬೇಕು" ಎಂಬ ಅರ್ಥದ ಇಂಗ್ಲಿಷ್ ಸಾಲಿನ ಮುಂದೆ ಟಿಕ್ ಇರಬೇಕು. ಅದರ ಕೆಳಗೆ ಒಳಬರುವ ಸರ್ವರ್‌ನ ಸೆಟ್ಟಿಂಗನ್ನೇ ಬಳಸು ಎನ್ನುವುದನ್ನು ಆರಿಸಬೇಕು. ಬರ್ತದೆ ಆದರೆ ಹೋಗುದಿಲ್ಲ ಎನ್ನುವ ಎಷ್ಟೋ ದೂರುಗಳು ಈ ಒಂದು ಟಿಕ್‌ನಲ್ಲಿ ಮುಗಿಯುತ್ತವೆ.

ಪಕ್ಕದ ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ ಪೋರ್ಟ್ ಮತ್ತು ಭದ್ರತೆ ಹಾಕಬೇಕು. ಅಲ್ಲೇ ಸರ್ವರ್ ಟೈಮ್‌ಔಟ್ ಎಂದು ಒಂದು ಗೆರೆ ಇರುತ್ತದೆ. ಅದು 1 ನಿಮಿಷ ಎಂದಿದ್ದರೆ ನಿಧಾನ ನೆಟ್ ಇರುವವರು 5 ನಿಮಿಷಕ್ಕೆ ಎಳೆಯಬಹುದು. ಕೊನೆಗೆ ಟೆಸ್ಟ್ ಅಕೌಂಟ್ ಸೆಟ್ಟಿಂಗ್ಸ್ ಒತ್ತಿದರೆ ಬರುವುದು, ಹೋಗುವುದು ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ ಹಸಿರು ಗುರುತು ತೋರಿಸುತ್ತದೆ.

ಥಂಡರ್‌ಬರ್ಡ್‌ನಲ್ಲಿ

ಅಕೌಂಟ್ ಸೆಟ್ಟಿಂಗ್ಸ್ ತೆರೆದರೆ ಎಡಬದಿಯ ಪಟ್ಟಿಯ ಕೊನೆಯಲ್ಲಿ ಔಟ್‌ಗೋಯಿಂಗ್ ಸರ್ವರ್ ಉಂಟು. ಎಲ್ಲ ಖಾತೆಗಳ ಹೊರಹೋಗುವ ಸರ್ವರ್‌ಗಳು ಇಲ್ಲಿ ಒಟ್ಟಿಗೆ ಇರುತ್ತವೆ. ಒಂದೇ ಕಂಪ್ಯೂಟರಿನಲ್ಲಿ ಸಂಘದ ಖಾತೆ, ಕಾರ್ಯದರ್ಶಿಯ ಸ್ವಂತ ಖಾತೆ ಎರಡೂ ಇದ್ದರೆ ಒಂದರ ಮೇಲ್ ಇನ್ನೊಂದರ ಸರ್ವರ್ ಮೂಲಕ ಹೋಗಲು ನೋಡುತ್ತದೆ, ಸರ್ವರ್ ಬೇಡ ಎನ್ನುತ್ತದೆ. ಪ್ರತಿ ಖಾತೆಯ ಹೆಸರನ್ನು ಒತ್ತಿ, ಪುಟದ ಕೆಳಗೆ ಅದಕ್ಕೆ ಯಾವ ಸರ್ವರ್ ಜೋಡಿಸಿದೆ ಎಂದು ನೋಡಿ ಸರಿಮಾಡಬೇಕು.

ಹಳೆ ಪಾಸ್‌ವರ್ಡ್ ಅಂಟಿಕೊಂಡಿದ್ದರೆ ಸೆಟ್ಟಿಂಗ್ಸ್‌ನ ಪ್ರೈವೆಸಿ ಆ್ಯಂಡ್ ಸೆಕ್ಯೂರಿಟಿಯಲ್ಲಿ ಸೇವ್ಡ್ ಪಾಸ್‌ವರ್ಡ್ಸ್ ತೆರೆದು, ಎಸ್‌ಎಂಟಿಪಿ ಎಂದು ಆರಂಭವಾಗುವ ಸಾಲನ್ನು ಅಳಿಸಬೇಕು. ಮುಂದಿನ ಸಲ ಕಳುಹಿಸುವಾಗ ಅದೇ ಹೊಸ ಪಾಸ್‌ವರ್ಡ್ ಕೇಳುತ್ತದೆ.

ಥಂಡರ್‌ಬರ್ಡ್‌ನಲ್ಲಿ ಇನ್ನೊಂದು ಮೋಸ ಉಂಟು. ಮೇಲ್ ಹೋಗಿರುತ್ತದೆ, ಆದರೆ ಸೆಂಟ್ ಫೋಲ್ಡರಿಗೆ ಪ್ರತಿ ಇಡಲು ಆಗದೆ ಎರರ್ ಬರುತ್ತದೆ. ಹೋಗಲಿಲ್ಲ ಎಂದುಕೊಂಡು ನಾಲ್ಕು ಸಲ ಒತ್ತಿದರೆ ಆ ಕಡೆಯವರಿಗೆ ನಾಲ್ಕು ಪ್ರತಿ. ಎರರ್‌ನಲ್ಲಿ ಸೆಂಟ್ ಫೋಲ್ಡರ್, ಕಾಪಿ ಎಂಬ ಶಬ್ದ ಇದ್ದರೆ ಮತ್ತೆ ಒತ್ತುವ ಮೊದಲು ಫೋನ್ ಮಾಡಿ ಕೇಳುವುದು ಒಳ್ಳೆಯದು.

25 ಎಂಬಿ ಎಂದರೆ 25 ಎಂಬಿ ಅಲ್ಲ

ಜಿಮೇಲ್‌ನ ಮಿತಿ 25 ಎಂಬಿ. ಆದರೆ 24 ಎಂಬಿಯ ಫೈಲ್ ಪ್ರೋಗ್ರಾಂನಿಂದ ಹೋಗದಿರಬಹುದು. ಫೈಲನ್ನು ಮೇಲ್‌ಗೆ ಸೇರಿಸುವಾಗ ಅದನ್ನು ಅಕ್ಷರಗಳಾಗಿ ಬದಲಿಸಬೇಕಾಗುತ್ತದೆ, ಆಗ ಗಾತ್ರ ಸುಮಾರು ಮೂರನೇ ಒಂದರಷ್ಟು ಹಿಗ್ಗುತ್ತದೆ. 18 ಎಂಬಿ ಇದ್ದದ್ದು 24 ಆಗುತ್ತದೆ. ಹಾಗಾಗಿ 18ರೊಳಗೆ ಇಟ್ಟರೆ ಕ್ಷೇಮ. ಪಡೆಯುವವರ ಸರ್ವರ್‌ನ ಮಿತಿ ಇದಕ್ಕಿಂತ ಕಡಿಮೆಯೂ ಇರಬಹುದು, ಆದ್ದರಿಂದ ಕಚೇರಿಗಳಿಗೆ ಕಳುಹಿಸುವಾಗ 10 ಎಂಬಿ ದಾಟದಿದ್ದರೆ ಇನ್ನೂ ಒಳ್ಳೆಯದು.

ಭಾರ ಹೆಚ್ಚುವುದು ಸ್ಕ್ಯಾನಿಂಗ್‌ನಲ್ಲಿ. ಪಾಸ್‌ಬುಕ್, ಆರ್‌ಟಿಸಿಯನ್ನು 300 ಡಿಪಿಐ ಬಣ್ಣದಲ್ಲಿ ಸ್ಕ್ಯಾನ್ ಮಾಡುವ ಬದಲು 150 ಡಿಪಿಐಯ ಗ್ರೇ ಬಣ್ಣದಲ್ಲಿ ಮಾಡಿದರೆ ಓದಲು ತೊಂದರೆ ಇಲ್ಲ, ಚುಕ್ಕಿಗಳ ಲೆಕ್ಕ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಅದಕ್ಕೂ ದೊಡ್ಡದಿದ್ದರೆ ಡ್ರೈವ್‌ಗೆ ಹಾಕಿ ಲಿಂಕ್ ಕಳುಹಿಸಬಹುದು. ಯಾರಿಗೆ ಕಳುಹಿಸುತ್ತೀರೋ ಅವರ ಮೇಲ್ ವಿಳಾಸಕ್ಕೆ ಅನುಮತಿ ಕೊಡದಿದ್ದರೆ ಅವರಿಗೆ ತೆರೆಯುವುದಿಲ್ಲ. ಆಧಾರ್, ಬ್ಯಾಂಕ್ ದಾಖಲೆಗಳ ಲಿಂಕನ್ನು ಯಾರು ಬೇಕಾದರೂ ನೋಡುವ ಹಾಗೆ ಇಡಬಾರದು.

ಸಮಯದ ಲೆಕ್ಕವೂ ಉಂಟು. 18 ಎಂಬಿ ಫೈಲ್ ಹಿಗ್ಗಿ 24 ಎಂಬಿ ಆದ ಮೇಲೆ, ಅಪ್‌ಲೋಡ್ ವೇಗ 2 ಎಂಬಿಪಿಎಸ್ ಇದ್ದರೆ ಒಂದೂವರೆ ನಿಮಿಷಕ್ಕಿಂತ ಹೆಚ್ಚು ಬೇಕು. ಅರ್ಧ ಎಂಬಿಪಿಎಸ್ ಇದ್ದರೆ ಆರೂವರೆ ನಿಮಿಷ. ಡೌನ್‌ಲೋಡ್ ಚೆನ್ನಾಗಿ ಉಂಟು, ಯೂಟ್ಯೂಬ್ ಓಡ್ತದೆ ಎಂದರೆ ಅಪ್‌ಲೋಡ್ ಸರಿ ಉಂಟು ಎಂದು ಅರ್ಥ ಅಲ್ಲ.

ಹಾಟ್‌ಸ್ಪಾಟ್ ಪರೀಕ್ಷೆ, ಆ್ಯಂಟಿವೈರಸ್, ಹಳೆ ಕಂಪ್ಯೂಟರ್

ಸೆಟ್ಟಿಂಗ್ ಎಲ್ಲ ಸರಿ ಇದ್ದೂ ಹೋಗದಿದ್ದರೆ ಫೋನಿನ ಹಾಟ್‌ಸ್ಪಾಟ್‌ಗೆ ಕಂಪ್ಯೂಟರ್ ಜೋಡಿಸಿ ನೋಡಬೇಕು. ಆಗ ಹೋದರೆ ತೊಂದರೆ ಆಫೀಸಿನ ನೆಟ್ ಅಥವಾ ರೌಟರ್‌ನಲ್ಲಿ. ಆಗಲೂ ಹೋಗದಿದ್ದರೆ ಕಂಪ್ಯೂಟರಿನಲ್ಲೇ.

ಕಂಪ್ಯೂಟರಿನಲ್ಲಿ ಎಂದಾದರೆ ಆ್ಯಂಟಿವೈರಸ್ ನೋಡಬೇಕು. ಹೊರಹೋಗುವ ಮೇಲ್ ತಪಾಸಣೆ ಮಾಡುವ ಇಮೇಲ್ ಪ್ರೊಟೆಕ್ಷನ್ ಎನ್ನುವ ಭಾಗ ಹಲವು ಆ್ಯಂಟಿವೈರಸ್‌ಗಳಲ್ಲಿ ಇರುತ್ತದೆ. ಅದನ್ನು ಮಾತ್ರ ಐದು ನಿಮಿಷ ಆಫ್ ಮಾಡಿ ಸ್ವಂತ ವಿಳಾಸಕ್ಕೇ ಒಂದು ಮೇಲ್ ಕಳುಹಿಸಿ ನೋಡಿ, ಮತ್ತೆ ಆನ್ ಮಾಡಬೇಕು. ಇಡೀ ಆ್ಯಂಟಿವೈರಸ್ ತೆಗೆದುಹಾಕುವುದು ಬೇಡ.

ವಿಂಡೋಸ್ ಎಕ್ಸ್‌ಪಿಯ ಔಟ್‌ಲುಕ್ ಎಕ್ಸ್‌ಪ್ರೆಸ್ ಇನ್ನೂ ಇಟ್ಟುಕೊಂಡವರಿಗೆ ಬೇರೆ ದಾರಿ ಇಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ ಮುಗಿದಿದೆ. ಹಲವು ಸರ್ವರ್‌ಗಳು ಈಗ ಕೇಳುವ ಟಿಎಲ್‌ಎಸ್ 1.2 ಗೂಢಲಿಪಿ ಔಟ್‌ಲುಕ್ ಎಕ್ಸ್‌ಪ್ರೆಸ್‌ಗೆ ಬರುವುದಿಲ್ಲ. ವಿಂಡೋಸ್ ಜೊತೆ ಬರುತ್ತಿದ್ದ ಮೇಲ್ ಆ್ಯಪ್‌ನ ಬೆಂಬಲ ಕೂಡ 2024ರ ಡಿಸೆಂಬರ್ 31ಕ್ಕೆ ನಿಂತಿದೆ.

ಔಟ್‌ಲುಕ್‌ನ ದಾಖಲೆಗಳು ಕೂಡಿಡುವ ಪಿಎಸ್‌ಟಿ ಫೈಲ್‌ಗೂ ಮಿತಿ ಉಂಟು. 2003 ಮತ್ತು 2007ರ ಆವೃತ್ತಿಗೆ ಸಾಮಾನ್ಯವಾಗಿ 20 ಜಿಬಿ, 2010ರಿಂದ ಈಚೆಗೆ 50 ಜಿಬಿ. ಅದು ತುಂಬಿದರೂ ಮೇಲ್ ವ್ಯವಹಾರ ಕೆಡುತ್ತದೆ. ಹಳೆ ವರ್ಷಗಳದ್ದನ್ನು ಬೇರೆ ಫೈಲಿಗೆ ಆರ್ಕೈವ್ ಮಾಡಿಟ್ಟರೆ ಸರಿ.

ಎರರ್ ನಂಬರ್ ಏನು ಹೇಳುತ್ತದೆ?

ಎರರ್ ಬಂದಾಗ ಸಿಟ್ಟಿನಲ್ಲಿ ಮುಚ್ಚುವ ಮೊದಲು ನಂಬರ್ ಬರೆದುಕೊಳ್ಳಬೇಕು. 4ರಿಂದ ಆರಂಭವಾದರೆ ತಾತ್ಕಾಲಿಕ, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಹೋಗಬಹುದು. 5ರಿಂದ ಆರಂಭವಾದರೆ ಏನಾದರೂ ಸರಿಮಾಡದೆ ಹೋಗುವುದಿಲ್ಲ.

- 421, 450, 451: ಸರ್ವರ್‌ಗೆ ಈಗ ಆಗುದಿಲ್ಲ, ಮತ್ತೆ ಬನ್ನಿ ಎಂದು ಅರ್ಥ.
- 530: ನೀವು ಯಾರೆಂದು ಹೇಳಲಿಲ್ಲ. ಪರಿಶೀಲನೆಯ ಟಿಕ್ ನೋಡಬೇಕು.
- 535: ಹೆಸರು ಅಥವಾ ಪಾಸ್‌ವರ್ಡ್ ಒಪ್ಪಲಿಲ್ಲ. ಆ್ಯಪ್ ಪಾಸ್‌ವರ್ಡ್ ಅಥವಾ ಓಆತ್ ಬೇಕು.
- 550 ಜೊತೆ 5.1.1: ಅಂಥ ವಿಳಾಸವೇ ಇಲ್ಲ. ಕಾಗುಣಿತ ನೋಡಬೇಕು.
- 550 ಜೊತೆ ರಿಲೇ ಎಂಬ ಶಬ್ದ: ತಪ್ಪು ಸರ್ವರ್ ಅಥವಾ ಪರಿಶೀಲನೆ ಇಲ್ಲ.
- 550 ಜೊತೆ 5.7.26: ಡೊಮೈನ್‌ನ ಗುರುತು ದಾಖಲೆ ಇಲ್ಲ.
- 552: ಹೆಚ್ಚಾಗಿ ಗಾತ್ರ ಮೀರಿದೆ ಅಥವಾ ಆ ಕಡೆಯ ಪೆಟ್ಟಿಗೆ ತುಂಬಿದೆ, ಪಕ್ಕದ ವಾಕ್ಯ ಓದಬೇಕು.
- ಔಟ್‌ಲುಕ್‌ನಲ್ಲಿ 80042109 ಎಂದು ಮುಗಿಯುವ ನಂಬರ್: ಹೊರಹೋಗುವ ಸರ್ವರ್ ಸಿಗಲಿಲ್ಲ. ಪೋರ್ಟ್, ನೆಟ್, ಆ್ಯಂಟಿವೈರಸ್ ನೋಡಬೇಕು.

ಹೋಯಿತು, ಆದರೆ ತಲುಪಲಿಲ್ಲ

ಔಟ್‌ಬಾಕ್ಸ್ ಖಾಲಿಯಾದರೂ ಕೆಲವು ಮೇಲ್ ಸ್ಪ್ಯಾಮ್‌ಗೆ ಬೀಳುತ್ತವೆ ಅಥವಾ ವಾಪಸು ಬರುತ್ತವೆ. ಸ್ವಂತ ಡೊಮೈನ್ ಇರುವ ಶಾಲೆ, ಸೊಸೈಟಿ, ಕಾರ್ಖಾನೆಗಳು ಇದನ್ನು ಗಮನಿಸಬೇಕು. 2024ರ ಫೆಬ್ರವರಿಯಿಂದ ಗೂಗಲ್ ತನ್ನ ಗ್ರಾಹಕರಿಗೆ ಮೇಲ್ ಕಳುಹಿಸುವ ಡೊಮೈನ್‌ಗಳಿಗೆ ಎಸ್‌ಪಿಎಫ್ ಅಥವಾ ಡಿಕಿಮ್ ಎನ್ನುವ ಗುರುತಿನ ದಾಖಲೆ ಬೇಕೆಂದು ಮಾಡಿದೆ. ಈ ಡೊಮೈನ್ ಹೆಸರಿನಲ್ಲಿ ಇಂಥ ಸರ್ವರ್ ಮೇಲ್ ಕಳುಹಿಸಬಹುದು ಎಂದು ಸಾರುವ ಸಾಲು ಅದು. ವೆಬ್‌ಸೈಟ್ ಮಾಡಿಕೊಟ್ಟವರಿಗೆ ಹೇಳಿದರೆ ಸೇರಿಸಿಕೊಡುತ್ತಾರೆ.

ಬ್ರಹ್ಮಕಲಶ, ಚರ್ಚಿನ ಹಬ್ಬ, ಶಾಲೆಯ ಸುವರ್ಣ ಮಹೋತ್ಸವದ ಆಮಂತ್ರಣವನ್ನು ಮುಂಬೈ, ಗಲ್ಫಿನ ಊರವರಿಗೆಲ್ಲ ಒಟ್ಟಿಗೆ ಕಳುಹಿಸುವಾಗಲೂ ಖಾತೆ ನಿಲ್ಲುತ್ತದೆ. ಉಚಿತ ಜಿಮೇಲ್‌ನಲ್ಲಿ ದಿನಕ್ಕೆ 500 ವಿಳಾಸಗಳ ಮಿತಿ ಉಂಟು. ಮೀರಿದರೆ 24 ಗಂಟೆಯವರೆಗೆ ಏನೂ ಕಳುಹಿಸಲಿಕ್ಕೆ ಆಗದಿರಬಹುದು. ಆಮಂತ್ರಣದ ಭರದಲ್ಲಿ ಮರುದಿನದ ಮುಖ್ಯ ಮೇಲ್ ನಿಂತುಹೋಗಬಾರದು. 50ರ ಗುಂಪು ಮಾಡಿ, ಎರಡು ಮೂರು ದಿನದಲ್ಲಿ, ವಿಳಾಸಗಳನ್ನು ಬಿಸಿಸಿಯಲ್ಲಿ ಹಾಕಿ ಕಳುಹಿಸಿದರೆ ತೊಂದರೆ ಕಡಿಮೆ.

ಹೆಲ್ಪ್‌ಲೈನ್ ಹುಡುಕುವಾಗ ಜಾಗ್ರತೆ

ಮೇಲ್ ಹೋಗುದಿಲ್ಲ ಎಂದು ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ ಫೋನ್ ಮಾಡುವುದು ಅಪಾಯ. ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸಿ ಕಂಪ್ಯೂಟರ್ ತಮ್ಮ ಕೈಗೆ ತೆಗೆದುಕೊಂಡು ಬ್ಯಾಂಕ್ ಖಾತೆಗೆ ಕೈಹಾಕುವ ವಂಚಕರು ಇಂಥ ನಂಬರ್‌ಗಳ ಹಿಂದೆ ಇರುತ್ತಾರೆ. ಓಟಿಪಿ, ಆ್ಯಪ್ ಪಾಸ್‌ವರ್ಡ್ ಯಾರಿಗೂ ಫೋನಿನಲ್ಲಿ ಹೇಳಬಾರದು.

ಕಳುಹಿಸದ ಮೇಲ್‌ಗಳು ಸೆಂಟ್ ಫೋಲ್ಡರಿನಲ್ಲಿ ಕಂಡರೆ, ಗೊತ್ತೇ ಇಲ್ಲದವರಿಗೆ ಕಳುಹಿಸಿದ್ದು ವಾಪಸು ಬಂದರೆ ಖಾತೆ ಬೇರೆಯವರ ಕೈಯಲ್ಲಿದೆ ಎಂದು ಅನುಮಾನಿಸಬೇಕು. ಬ್ರೌಸರ್‌ನಲ್ಲಿ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆ ಹಾಕಿ, ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಸೆಟ್ಟಿಂಗ್‌ನಲ್ಲಿ ಗೊತ್ತಿಲ್ಲದ ವಿಳಾಸ ಉಂಟಾ ನೋಡಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಉಡುಪಿಯ ಸೆನ್ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು.

ಸಂಜೆ ಬಾಗಿಲು ಹಾಕುವ ಮೊದಲು

ಇಷ್ಟೆಲ್ಲ ನೆನಪಿಡಲು ಆಗದವರು ಒಂದೇ ಅಭ್ಯಾಸ ಮಾಡಿಕೊಂಡರೆ ಸಾಕು. ದಿನಾ ಸಂಜೆ ಕಂಪ್ಯೂಟರ್ ಆಫ್ ಮಾಡುವ ಮೊದಲು ಔಟ್‌ಬಾಕ್ಸ್ ಖಾಲಿ ಉಂಟಾ, ಇವತ್ತಿನ ಮೇಲ್‌ಗಳು ಸೆಂಟ್‌ನಲ್ಲಿ ಉಂಟಾ, ವಾಪಸು ಬಂದದ್ದು ಇನ್‌ಬಾಕ್ಸ್‌ನಲ್ಲಿ ಉಂಟಾ ಎಂದು ನೋಡುವುದು. ಒಂದು ನಿಮಿಷದ ಕೆಲಸ. ಸರ್ವರ್ ಹೆಸರು, ಪೋರ್ಟ್, ಭದ್ರತೆಯ ಆಯ್ಕೆ ಮೂರನ್ನು ಒಂದು ಚೀಟಿಯಲ್ಲಿ ಬರೆದು ಫೈಲಿನಲ್ಲಿ ಇಟ್ಟರೆ ಸೆಟ್ ಮಾಡಿಕೊಟ್ಟ ಹುಡುಗ ಊರು ಬಿಟ್ಟು ಹೋದರೂ ಕೆಲಸ ನಿಲ್ಲುವುದಿಲ್ಲ. ಪಾಸ್‌ವರ್ಡ್ ಮಾತ್ರ ಆ ಚೀಟಿಯಲ್ಲಿ ಬರೆಯಬಾರದು.